ಹಾಡಿನ ಡಬ್ಬಿ ಪಾಸಾದ ಬಗೆ

ನಮ್ಮ ಕೂಟಗಲ್ ಕಡೆಯಿಂದ ಈಗ ಬೆಳಗಾದರೆ ಕಂಪನಿ ಬಸ್ಸು ಹತ್ತುವ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರಿಗಾದರೂ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಸಿಕ್ಕಿದರೆ, ಹೋಗಿ ರಾಜಣ್ಣನ ಹತ್ತಿರ ಒಂದು ಮಾತು ಕೇಳಿಕೊಂಡು ಬಾ ಎಂದು ಮನೆಯವರು ಕಳಿಸುತ್ತಾರೆ. ಬಂದವರು ಕುಳಿತು, ಕಾಫಿ ಕುಡಿದು, ಕೆಲಸ ಹೇಗಿರುತ್ತದೆ ಎನ್ನುತ್ತಾರೆ. ಒಳ್ಳೆಯ ಕೆಲಸ, ಮಾಡಿ ಎಂದು ಕಳಿಸಿಬಿಡುತ್ತೇನೆ. ಹೊಸದಾಗಿ ನೌಕರಿಗೆ ಹೊರಟವರ ಮುಂದೆ ಅಪಶಕುನದ ಮಾತು ಆಡಬಾರದು ಎಂದು ನನ್ನ ಹೆಂಡತಿಯ ಕಟ್ಟಪ್ಪಣೆ. ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಅವಳ ಅಪ್ಪಣೆ ಬೇಕಿಲ್ಲ.

ಕ್ವಾಲಿಟಿ ಎಂದರೆ ಕೆಟ್ಟ ಮಾಲನ್ನು ಹಿಡಿಯುವ ಕೆಲಸ ಎಂದು ನೀವು ತಿಳಿದಿದ್ದೀರಿ. ನಾನೂ ಹಾಗೆಯೇ ತಿಳಿದು ಸೇರಿದವನು. ಕೆಟ್ಟ ಮಾಲು ಹಿಡಿದವನನ್ನು ಕಂಪನಿಯಲ್ಲಿ ಯಾರೂ ಹೊಗಳುವುದಿಲ್ಲ. ಹೊರಗೆ ಲಾರಿ ನಿಂತಿರುತ್ತದೆ. ಡ್ರೈವರು ಬೀಡಿ ಸೇದುತ್ತಾ ಬೈಯುತ್ತಿರುತ್ತಾನೆ. ಸ್ಟೋರಿನವನು ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಾನೆ. ಪ್ರೊಡಕ್ಷನ್ನಿನವನು ನಿನ್ನ ಮೇಜಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, 'ಏನ್ ರಾಜಣ್ಣ, ಇವತ್ತು ಮನೆಗೆ ಕಳಿಸ್ತೀಯೋ ಇಲ್ವೋ' ಎನ್ನುತ್ತಾನೆ. ಎಲ್ಲರ ಕಣ್ಣಿಗೂ ನೀನು ದಾರಿಗೆ ಅಡ್ಡ ಬಿದ್ದ ಮರ. ಕೆಟ್ಟದ್ದನ್ನು ಮಾಡಿದವನು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಕೊನೆಗೆ ಕೆಲಸ ಮಾಡಿದ್ದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ. ಹೆಸರು ಹೇಳುವುದಿಲ್ಲ, ಹೇಳಿ ಉಪಯೋಗವೂ ಇಲ್ಲ. ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಟೇಪ್ ರೆಕಾರ್ಡರ್ ಮಾಡುವ ಕಡೆ ಇದ್ದೆ. ಎರಡು ಸಾವಿರದ ಇಸವಿ ದಾಟಿ ಕ್ಯಾಸೆಟ್ಟಿನ ಋಣ ಮುಗಿಯುತ್ತಾ ಬಂದಾಗ ಇಲ್ಲಿಗೆ ಬಂದೆ. ಇಲ್ಲಿ ಎಂಪಿ3 ಪ್ಲೇಯರ್ ಜೋಡಿಸುತ್ತಿದ್ದರು. ಈಗಿನ ಮಕ್ಕಳು ಅದನ್ನು ನೋಡಿರಲಾರರು. ಬೆಂಕಿಪೊಟ್ಟಣಕ್ಕಿಂತ ಒಸಿ ಉದ್ದ, ಹೊಟ್ಟೆಯಲ್ಲಿ ಒಂದು ಸಣ್ಣ ಸೆಲ್ಲು, ಮೇಲೆ ನಾಲ್ಕು ಗುಂಡಿ, ಉಗುರಿನಷ್ಟು ಪರದೆ. ಗುಂಡಿ ಒತ್ತಿದರೆ ಪರದೆ ನೀಲಿಯಾಗಿ ಬೆಳಗಿ, ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಹಾಡು. ಒಂದು ನಾಲ್ಕೈದು ಕ್ಯಾಸೆಟ್ಟಿನಷ್ಟು ಹಾಡು ಹಿಡಿಯುತ್ತಿತ್ತು. ಊರಲ್ಲಿ ನಾವು ಅದನ್ನು ಹಾಡಿನ ಡಬ್ಬಿ ಎಂದೇ ಕರೆಯುತ್ತಿದ್ದೆವು.

ಟೇಪ್ ರೆಕಾರ್ಡರ್ ಕೆಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಬೆಲ್ಟ್ ಸಡಿಲವಾಗಿರುತ್ತಿತ್ತು, ಹೆಡ್ಡಿಗೆ ಕೊಳೆ ಹಿಡಿದಿರುತ್ತಿತ್ತು, ಮೋಟಾರು ಮುಲುಕುತ್ತಿತ್ತು. ಬಿಚ್ಚಿ ನೋಡಿ, ಒರೆಸಿ, ಎಣ್ಣೆ ಬಿಟ್ಟರೆ ಸರಿ. ಈ ಡಬ್ಬಿಯೊಳಗೆ ತಿರುಗುವುದು ಏನೂ ಇಲ್ಲ, ಬಿಚ್ಚಿದರೆ ಇರುವೆ ಸಾಲಿನ ಹಾಗೆ ಸಣ್ಣ ಸಣ್ಣ ಬಿಡಿಭಾಗಗಳು. ಮೊದಲ ವಾರ ನಾನು ಪೆಚ್ಚಾಗಿ ಕುಳಿತಿದ್ದೆ.

ಆಗ ನನ್ನ ಮೇಲಿದ್ದವರು ಕರುಣಾಕರ ಸಾರ್. ಕಮ್ಮಿ ಮಾತಿನವರು, ಊಟದ ಡಬ್ಬಿಯಲ್ಲಿ ದಿನಾ ಮೊಸರನ್ನವೇ. ಒಂದು ದಿನ ನನ್ನ ಪಕ್ಕ ಬಂದು ಕುಳಿತು, "ರಾಜಣ್ಣ, ನೀವು ಹಾಡು ಕೇಳ್ತಾ ಇದ್ದೀರಿ. ಹಾಡು ಕೇಳ್ಬೇಡಿ. ಹಾಡು ನಿಂತ ಮೇಲೆ ಏನ್ ಕೇಳುತ್ತೆ ನೋಡಿ" ಅಂದರು. ಎರಡು ಹಾಡಿನ ನಡುವೆ ಬರೀ ಮೌನ ತುಂಬಿದ ಒಂದು ಫೈಲನ್ನು ಅವರೇ ತಯಾರು ಮಾಡಿ ಪ್ರತಿ ಪೀಸಿಗೂ ಹಾಕಿಸಿದರು. ಮಾಲು ಒಳ್ಳೆಯದಾದರೆ ಆ ಮೌನ ತುಂಬಿದ ಕೊಡದ ಹಾಗೆ ನಿಂತಿರುತ್ತಿತ್ತು. ಕೆಟ್ಟದ್ದಾದರೆ ಎಲ್ಲೋ ಒಂದು ಕಡೆ ಚರಚರ, ಗುಯ್, ಕಟಕ್. ನನ್ನ ಜೀವಮಾನದಲ್ಲಿ ಯಾರಾದರೂ ಕೆಲಸ ಕಲಿಸಿದರು ಎಂದರೆ ಅವರು ಕಲಿಸಿದ ಆ ಒಂದು ಮಾತು.

ಕರುಣಾಕರ ಸಾರ್‌ಗೆ ಇನ್ನೊಂದು ಹುಚ್ಚು ಇತ್ತು. ಮೇಜಿನ ಮೇಲೆ ಪಾಸಾದರೆ ಸಾಲದು, ಜನರ ಕೈಯಲ್ಲಿ ಪಾಸಾಗಬೇಕು ಎನ್ನುತ್ತಿದ್ದರು. ಮೊದಲ ಮಾದರಿ ಬಂದಾಗ ಕೆಲವನ್ನು ನನಗೆ ಕೊಟ್ಟು, ನಿಮ್ಮ ಕಡೆಯ ಜನಕ್ಕೆ ಕೊಟ್ಟು ನೋಡಿ ಎಂದರು. ನನ್ನ ಚಿಕ್ಕಪ್ಪನ ಮಗ ಸಿದ್ದೇಗೌಡನಿಗೆ ಒಂದು ಕೊಟ್ಟೆ. ಅವನು ಅದನ್ನು ಲುಂಗಿಗೆ ಸಿಕ್ಕಿಸಿಕೊಂಡು ಹಿಪ್ಪುನೇರಳೆ ತೋಟಕ್ಕೆ ಹೋದ. ಕ್ಲಿಪ್ಪು ಪ್ಯಾಂಟಿನ ಬೆಲ್ಟಿಗೆ ಮಾಡಿದ್ದು, ಲುಂಗಿಗೆ ನಿಲ್ಲುತ್ತದೆಯೇ? ಸೊಪ್ಪಿನ ಹೊರೆಯೊಳಗೆ ಬಿತ್ತು. ಹೊರೆ ರೇಷ್ಮೆ ಹುಳುವಿನ ಮನೆಗೆ ಹೋಯಿತು. ಹುಳುಗಳು ಸೊಪ್ಪನ್ನು ಮೇದು, ಕಡ್ಡಿ ಹಿಕ್ಕೆಗಳ ನಡುವೆ ಡಬ್ಬಿಯನ್ನು ಉಳಿಸಿಕೊಟ್ಟಿದ್ದವು.

"ತಗಳಪ್ಪ ನಿನ್ ಡಬ್ಬಿಯ. ಹುಳಾನೇ ಬ್ಯಾಡ ಅಂತ ಬುಟ್ಬುಟ್ಟೈತೆ" ಎಂದು ಸಿದ್ದೇಗೌಡ ತಂದುಕೊಟ್ಟ.

ಇನ್ನೊಂದನ್ನು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಖಲೀಲ್ ಸಾಬರಿಗೆ ಕೊಟ್ಟಿದ್ದೆ. ಅವರು ಒಂದೇ ದಿನಕ್ಕೆ ವಾಪಸು ಮಾಡಿದರು. "ಒಬ್ಬನೇ ಕೇಳೋ ಹಾಡು ಎಂಥಾ ಹಾಡು ರಾಜಣ್ಣ? ನಾನು ತಲೆ ತೂಗ್ತೀನಿ, ಪಕ್ಕದಲ್ಲಿ ಕೂತೋನು ಇವನಿಗೆ ಏನೋ ಆಗೈತೆ ಅಂತಾನೆ" ಅಂದರು. ನಾನು ಅದನ್ನು ಹಾಗೆಯೇ ವರದಿಯಲ್ಲಿ ಬರೆದು, ಕ್ಲಿಪ್ಪು ಬದಲಿಸಿ, ನಾಲ್ಕು ಜನಕ್ಕೆ ಕೇಳುವ ಹಾಗೆ ಒಂದು ಸಣ್ಣ ಸ್ಪೀಕರ್ ಇಡಿ ಎಂದು ಸೇರಿಸಿದೆ. ಮೇಲಿನವರು ಮೀಟಿಂಗಿನಲ್ಲಿ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ರೇಷ್ಮೆ ಹುಳುವಿನ ಅಭಿಪ್ರಾಯವನ್ನೂ ತೆಗೆದುಕೊಂಡಿದ್ದಾನೆ ಎಂದು ಬಹಳ ದಿನ ಆಡಿಕೊಂಡರು. ಕೆಲವೇ ವರ್ಷದಲ್ಲಿ ಊರಿಗೆಲ್ಲ ಕೇಳುವಂತೆ ಹಾಡುವ ಚೀನಾ ಫೋನುಗಳು ಸಂತೆಯಲ್ಲಿ ಗುಡ್ಡೆ ಹಾಕಿಕೊಂಡು ಮಾರಾಟವಾದವು. ನಕ್ಕವರಲ್ಲಿ ಒಬ್ಬರೂ ಆಗ ನನ್ನ ಕಡೆ ತಿರುಗಿ ನೋಡಲಿಲ್ಲ.

ಕರುಣಾಕರ ಸಾರ್ ಜಾಸ್ತಿ ದಿನ ಉಳಿಯಲಿಲ್ಲ. ಇಂಥವರು ಉಳಿಯುವುದಿಲ್ಲ. ಅವರ ಜಾಗಕ್ಕೆ ದಿನಕರ್ ಬಂದ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು, ಸದಾ ನಗುಮುಖ, ಎಲ್ಲರ ಹೆಗಲ ಮೇಲೂ ಕೈ. ಮೊದಲ ದಿನವೇ ನನ್ನನ್ನು ರಾಜಣ್ಣೋರೇ ಎಂದು ಕರೆದು ಕಾಫಿ ತರಿಸಿದ. ಎರಡನೆಯ ದಿನ, ಎರಡು ಹಾಡಿನ ನಡುವೆ ಈ ಮೌನ ಯಾಕೆ, ಸುಮ್ಮನೆ ಸಮಯ ಹಾಳು ಎಂದು ಆ ಫೈಲನ್ನು ತೆಗೆಸಿ ಹಾಕಿದ. ಒಂದು ಹಾಡಿನ ತುಣುಕು, ಒಂದು ಸಲ ನಿಲ್ಲಿಸಿ ಮತ್ತೆ ಓಡಿಸುವುದು, ಅಷ್ಟೇ ಟೆಸ್ಟು. ಒಳ್ಳೆಯದಕ್ಕೆ ಹಸಿರು ಸ್ಟಿಕ್ಕರ್, ಕೆಟ್ಟದ್ದಕ್ಕೆ ಕೆಂಪು. ಮಾಲು ಜಾಸ್ತಿ ಹೊರಟಿತು. ಹಾಗಾಗಿ ಕೇಳುವವರೂ ಜಾಸ್ತಿ ಬೇಕಾದರು.

ಕೇಳುವ ಕೆಲಸಕ್ಕೆ ನಾವು ಆಡಿಯೋ ಟೇಬಲ್ ಎನ್ನುತ್ತಿದ್ದೆವು. ಅಲ್ಲಿ ಕೂರುವವರೆಲ್ಲ ಹೆಣ್ಣುಮಕ್ಕಳು. ಕನಕಪುರ, ಮಾಗಡಿ, ರಾಮನಗರ ಎಲ್ಲ ಕಡೆಯಿಂದಲೂ ಬರುತ್ತಿದ್ದರು. ಎಲ್ಲರೂ ಟ್ರೈನಿಗಳು. ವರ್ಷಗಟ್ಟಲೆ ಟ್ರೈನಿಗಳು. ಏನು ಟ್ರೈನಿಂಗ್ ಎಂದು ದೇವರಿಗೇ ಗೊತ್ತು. ಎಂಜಿನಿಯರಿಂಗ್ ಓದುವುದಕ್ಕೂ ಅಷ್ಟು ವರ್ಷ ಬೇಕಿಲ್ಲ. ಟ್ರೈನಿಗಳ ಕೊರಳಲ್ಲಿ ಗುರುತಿನ ಕಾರ್ಡು ತೂಗುವ ಹಳದಿ ಪಟ್ಟಿ, ಪರ್ಮನೆಂಟ್ ಆದವರದು ನೀಲಿ ಪಟ್ಟಿ. ಹಳದಿ ನೀಲಿಯಾಗುವುದನ್ನು ಕಾಯುತ್ತಾ ಆ ಮಕ್ಕಳು ಮದುವೆಯಾದವು, ಬಸುರಿ ಬಾಣಂತಿಯಾಗಿ ಮತ್ತೆ ಹಳದಿ ಪಟ್ಟಿಯಲ್ಲೇ ಬಂದು ಕುಳಿತವು.

ಹೊಸಬರನ್ನು ತೆಗೆದುಕೊಳ್ಳಲು ಕೂತವರು ದಿನಕರ್, ಪರ್ಸನೆಲ್ ವಿಭಾಗದ ಒಬ್ಬ ಯುವಕ ಮತ್ತು ನಾನು. ಕಿವಿ ಪರೀಕ್ಷೆಗೆ ಡಾಕ್ಟರ ಹತ್ತಿರ ಕಳಿಸೋಣ ಎಂದೆ. ದಿನಕರ್, "ಅದಕ್ಕೆಲ್ಲ ಎಲ್ಲಿ ಟೈಮ್ ಇದೆ ರಾಜಣ್ಣೋರೇ, ನಾವೇ ನೋಡೋಣ" ಅಂದ. ಆ ಯುವಕ ಕೋಣೆಯ ಈ ತುದಿಯ ಗೋಡೆಗೆ, ನಮ್ಮ ಪಕ್ಕ ನಿಂತು ಮೆಲ್ಲಗೆ ಒಂದು ವಾಕ್ಯ ಹೇಳುವುದು, ಬಂದವರು ಆ ತುದಿಯಿಂದ ಅದನ್ನು ತಿರುಗಿ ಹೇಳುವುದು. ಇದು ನಮ್ಮ ಪರೀಕ್ಷೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬುದ್ಧಿವಂತರು ನಾವು.

ಬಹಳ ಜನ ತಡವರಿಸಿದರು. ಕಡೆಗೆ ರಾಮನಗರದ ಮುಬೀನಾ ಬಂದಳು. ಮೂವತ್ತರ ಆಸುಪಾಸು, ತೆಳ್ಳಗೆ, ತಲೆಯ ಮೇಲೆ ಸೆರಗು. ಗಂಡ ಗೂಡು ಬೇಯಿಸಿ ನೂಲು ತೆಗೆಯುವ ರೀಲಿಂಗ್ ಕೆಲಸ ಮಾಡುತ್ತಿದ್ದವನು, ಬಿಸಿನೀರಿನ ಹಬೆಗೂ ಹುಳುವಿನ ವಾಸನೆಗೂ ಉಬ್ಬಸ ಹಿಡಿದು ಮನೆಯಲ್ಲಿ ಕುಳಿತಿದ್ದ. ಅವಳು ರೇಷ್ಮೆ ನೂಲಿಗೆ ಹುರಿ ಹಾಕುವ ಟ್ವಿಸ್ಟಿಂಗ್ ಶೆಡ್ಡಿನಲ್ಲಿ ಚಿಕ್ಕಂದಿನಿಂದ ದುಡಿದಿದ್ದಳು. ಈ ತುದಿಯಿಂದ ಹೇಳಿದ ಒಂದೊಂದು ವಾಕ್ಯವನ್ನೂ ಅವಳು ಪಟಪಟನೆ ತಿರುಗಿ ಹೇಳಿದಳು. ಯುವಕ ಇನ್ನೂ ಮೆಲ್ಲಗೆ ಹೇಳಿದ, ಆಮೇಲೆ ಉಸಿರಿನಲ್ಲೇ ಹೇಳಿದ. ಅದನ್ನೂ ಹೇಳಿದಳು. ದಿನಕರ್ ಹುಬ್ಬೇರಿಸಿ, ನನ್ನ ಕಡೆ ಬಾಗಿ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಊಟದ ಹೊತ್ತಾಯ್ತು, ಇವಳನ್ನ ಆಮೇಲೆ ನೋಡೋಣ್ವಾ" ಅಂದ.

ಕೋಣೆಯ ಆ ಕಡೆ ನಿಂತಿದ್ದ ಮುಬೀನಾ, "ಪರವಾಗಿಲ್ಲ ಸಾರ್, ಊಟ ಮಾಡ್ಕಂಡ್ ಬನ್ನಿ, ನಾನು ಕಾಯ್ತೀನಿ" ಅಂದಳು.

ಇದು ಕಿವಿಯೋ ಏನೋ ಎಂದು ದಿನಕರ್ ಅಲ್ಲೇ ಅವಳ ಹೆಸರಿಗೆ ಟಿಕ್ ಹಾಕಿದ. ಇಂಥ ಕಿವಿ ನಮ್ಮ ಕಾರ್ಖಾನೆಗೇ ಇಲ್ಲ ಎಂದು ನಾನೂ ಹೇಳಿದೆ.

ಅದು ಕಿವಿಯಲ್ಲ, ಕಣ್ಣು. ಟ್ವಿಸ್ಟಿಂಗ್ ಶೆಡ್ಡಿನೊಳಗೆ ಒಮ್ಮೆ ಹೋಗಿ ಬಂದವರಿಗೆ ಇದು ತಿಳಿದಿರಬೇಕಿತ್ತು. ನೂರಾರು ಕದಿರು ಒಟ್ಟಿಗೆ ತಿರುಗುವ ಆ ಆರ್ಭಟದಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಅಲ್ಲಿ ಯಾರೂ ಕಿರುಚುವುದೂ ಇಲ್ಲ. ತುಟಿ ಆಡಿಸುತ್ತಾರೆ, ನೋಡಿ ತಿಳಿದುಕೊಳ್ಳುತ್ತಾರೆ. ನೀರು ಕೊಡು, ಎಳೆ ಕಡಿದಿದೆ, ನಾಳೆ ನಿನ್ನ ನಾದಿನಿ ನಿಶ್ಚಿತಾರ್ಥ ಅಲ್ವಾ, ಎಲ್ಲವೂ ಬಾಯಿ ನೋಡಿಯೇ. ಹತ್ತಾರು ವರ್ಷ ಅಲ್ಲಿ ನಿಂತವರ ಕಿವಿಯಲ್ಲಿ ಸಣ್ಣ ಸದ್ದುಗಳು ಒಂದೊಂದಾಗಿ ಸಾಯುತ್ತವೆ. ನಾನು ರಾಮನಗರದ ಪಕ್ಕದಲ್ಲೇ ಹುಟ್ಟಿ ಬೆಳೆದವನು, ನಮ್ಮ ಮನೆಯ ರೇಷ್ಮೆ ಗೂಡು ರಾಮನಗರದ ಮಾರ್ಕೆಟ್ಟಿಗೇ ಹೋಗುತ್ತಿತ್ತು. ಗೂಡು ಹಾಕಿ ಬರುವುದು ಬಿಟ್ಟರೆ ಆಮೇಲೆ ಅದನ್ನು ಯಾರು, ಎಲ್ಲಿ, ಹೇಗೆ ದಾರ ಮಾಡುತ್ತಾರೆ ಎಂದು ನಾವು ಬೇಸಾಯಗಾರರು ಯಾವತ್ತು ಇಣುಕಿ ನೋಡಿದ್ದೇವೆ?

ಮುಬೀನಾ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳು. ಒಂದು ಕಿವಿಗೆ ಹಾಡು ಬರದಿದ್ದರೆ, ಜಾಕ್ ಸಡಿಲವಿದ್ದರೆ, ಗುಂಡಿ ಕಚ್ಚಿಕೊಂಡರೆ, ಚರಚರ ಎಂದರೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಿದ್ದಳು. ಬರುವ ದೋಷಗಳೆಲ್ಲ ಹೆಚ್ಚಾಗಿ ಅಂಥವೇ. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲ, ಇಯರ್‌ಫೋನ್ ಹಾಕಿಕೊಂಡಿದ್ದಾಳಲ್ಲ ಎಂದುಕೊಳ್ಳುತ್ತಿದ್ದೆ. ವರ್ಷ ಕಳೆದವು. ಪಟ್ಟಿ ಹಳದಿಯಾಗಿಯೇ ಇತ್ತು. ಪರ್ಮನೆಂಟ್ ಆದರೆ ಇಎಸ್‌ಐ ಕಾರ್ಡು ಸಿಗುತ್ತದೆ, ಗಂಡನ ಉಬ್ಬಸಕ್ಕೆ ಔಷಧಿ ಸಿಗುತ್ತದೆ ಎಂಬುದೊಂದೇ ಅವಳ ಜಪ. ವಾರಕ್ಕೊಮ್ಮೆಯಾದರೂ, "ಸಾರ್, ಈ ಸಲ ಲಿಸ್ಟ್‌ನಲ್ಲಿ ನನ್ ಹೆಸರು ಬರ್ತದಾ" ಎನ್ನುತ್ತಿದ್ದಳು. ಬರುತ್ತಮ್ಮ ಎನ್ನುತ್ತಿದ್ದೆ. ನನಗಾದರೂ ಏನು ಗೊತ್ತಿತ್ತು?

ಹೀಗಿರುವಾಗ ದಿನಕರ್ ಪರದೆಯ ದೀಪ ಹೊತ್ತಿಸುವ ಒಂದು ಬಿಡಿಭಾಗವನ್ನು ಬೇರೆ ಕಡೆಯಿಂದ ಅಗ್ಗಕ್ಕೆ ತರಿಸಿದ. ನನ್ನನ್ನು ಕೇಳಲಿಲ್ಲ, ಕೇಳುವ ಪದ್ಧತಿಯನ್ನೇ ಅವನು ನಿಲ್ಲಿಸಿದ್ದ. ಆ ಭಾಗ ಹಾಕಿದ ಮೊದಲ ಟ್ರೇ ಆಡಿಯೋ ಟೇಬಲ್ಲಿಗೆ ಬಂದ ಬೆಳಿಗ್ಗೆ, ಮಾಗಡಿ ಕಡೆಯ ಗೌರಮ್ಮ ಎಂಬ ಹುಡುಗಿ ಕಿವಿಯಿಂದ ಇಯರ್‌ಫೋನ್ ಕಿತ್ತು, "ಸಾ, ಇಲ್ ಬನ್ನಿ. ಹಾಡು ನಿಲ್ಸುದ್ರೆ ಒಳಗೆ ಸೊಳ್ಳೆ ಕೂಗ್ದಂಗೆ ಆಯ್ತದೆ" ಅಂದಳು.

ಹಾಕಿಕೊಂಡು ನೋಡಿದೆ. ಗುಂಡಿ ಒತ್ತಿ ಹಾಡು ನಿಲ್ಲಿಸಿದೆ. ಪರದೆ ನೀಲಿಯಾಗಿ ಬೆಳಗಿತು. ಬೆಳಗಿದಷ್ಟು ಹೊತ್ತೂ ಕಿವಿಯ ಆಳದಲ್ಲಿ ಸಣ್ಣಗೆ ಕೀ ಎನ್ನುವ ಸದ್ದು. ದೀಪ ಆರಿದರೆ ಸದ್ದೂ ಆರುತ್ತಿತ್ತು. ವಯಸ್ಸಾದ ನನ್ನ ಕಿವಿಗೆ ಅಷ್ಟು ಕೇಳಿದರೆ ಹರೆಯದವರಿಗೆ ತಲೆ ಚಿಟ್ಟು ಹಿಡಿಯುವಷ್ಟು ಕೇಳುತ್ತಿರಬೇಕು. ಟ್ರೇಗಟ್ಟಲೆ ಹೀಗೆಯೇ ಇದ್ದವು. ಸಂಜೆಯ ಹೊತ್ತಿಗೆ ಮೇಜಿನ ತುಂಬ ಕೆಂಪು ಸ್ಟಿಕ್ಕರ್. ಮುಬೀನಾಳ ಮುಂದೆ ಮಾತ್ರ ಎಲ್ಲವೂ ಹಸಿರು.

ಮರುದಿನ ಊಟದ ಹೊತ್ತಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. "ಆ ಕೀ ಅನ್ನದು ನಿಂಗೆ ಕೇಳಿಸ್ತಿಲ್ವೇನಮ್ಮ?"

ನನ್ನ ಬಾಯನ್ನೇ ನೋಡುತ್ತಿದ್ದಳು. "ಯಾವ ಕೀ ಸಾರ್?"

"ನಿನ್ ಕಿವಿ ಹೆಂಗೈತೆ? ನಿಜ ಹೇಳು."

ಅವಳು ಮುಚ್ಚಿಡುವುದಕ್ಕೆ ಏನೂ ಪ್ರಯತ್ನ ಪಡಲಿಲ್ಲ. "ಹಾಡು ಚೆನ್ನಾಗ್ ಕೇಳ್ತದೆ ಸಾರ್. ಮಾತೂ ಕೇಳ್ತದೆ, ಆದ್ರೆ ಬಾಯಿ ಕಾಣದಿದ್ರೆ ಯಾವ ಮಾತು ಅಂತ ಬಿಡಿಸ್ಕೊಳ್ಳಕ್ಕೆ ಆಗಲ್ಲ. ನಮ್ ಶೆಡ್‌ನಲ್ಲಿ ಎಲ್ಲರದೂ ಹಂಗೇ. ನಿಮಗೆ ಗೊತ್ತಿತ್ತು ಅಂದ್ಕಂಡಿದ್ದೆ. ಅವತ್ತು ನೀವು ಬಾಯಿ ತೋರಿಸ್ಕಂಡೇ ಕೇಳಿದ್ರಲ್ಲ, ಬಾಯಿ ನೋಡೋಕೆ ಬರ್ತದಾ ಅಂತಾನೇ ಪರೀಕ್ಷೆ ಅಂದ್ಕಂಡೆ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳನ್ನು ಪ್ಯಾಕಿಂಗ್‌ಗೋ ಗುಂಡಿ ಪರೀಕ್ಷಿಸುವ ಮೇಜಿಗೋ ಹಾಕಿಸಿದರೆ ಆಯಿತು, ಕೆಲಸ ಬಲ್ಲ ಹೆಂಗಸು, ಎಲ್ಲಿದ್ದರೂ ನಡೆಯುತ್ತದೆ ಎಂದುಕೊಂಡು ಕೂತಿದ್ದೆ. ಅಷ್ಟರಲ್ಲಿ ದಿನಕರ್ ಬಂದ. ಕೆಂಪು ಟ್ರೇಗಳನ್ನು ನೋಡಿದ, ಒಂದು ಪೀಸನ್ನು ಕಿವಿಗೆ ಹಾಕಿಕೊಂಡ, ಮುಖ ಕಿವುಚಿ ತೆಗೆದಿಟ್ಟ. ಆ ಭಾಗ ಬದಲಿಸದೆ ಮಾಲು ಕಳಿಸುವುದು ಬೇಡ ಎಂದೆ. ಅವನು ಮುಬೀನಾಳ ಹಸಿರು ಟ್ರೇಗಳ ಕಡೆ ನೋಡಿ, ನಗುತ್ತಾ, "ಎಲ್ಲ ಟ್ರೇನೂ ಆ ಮೇಜಿಗೆ ಕಳಿಸಿ. ಉಳಿದವರು ಬೇರೆ ಕೆಲಸ ಮಾಡ್ಲಿ" ಅಂದ.

ನಾನು ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ, "ಸಾರ್, ಆ ಹೆಣ್ಣುಮಗಳಿಗೆ ಈ ಸದ್ದು ಕೇಳಿಸಾಕಿಲ್ಲ" ಎಂದೆ.

"ಗೊತ್ತು ರಾಜಣ್ಣೋರೇ. ಅದಕ್ಕೇ ಕಳಿಸ್ತಿರೋದು."

ನನ್ನ ಹೆಗಲ ಮೇಲೆ ಕೈ ಹಾಕಿ ಒಂದು ಸಲ ತಟ್ಟಿ ಹೋದ. ಎಷ್ಟು ದಿನದಿಂದ ಗೊತ್ತಿತ್ತೋ ಅವನಿಗೆ. ನಾನು ಆಗುವುದಿಲ್ಲ ಎಂದೆ, ಟ್ರೇಗಳಿಗೆ ತಡೆ ಚೀಟಿ ಅಂಟಿಸಿದೆ. ಅವನು ಸ್ಟೋರಿನವರನ್ನು ಕರೆಸಿ ಚೀಟಿ ಕೀಳಿಸಿ, ಟ್ರೇಗಳನ್ನು ಅವಳ ಮುಂದೆ ಇಡಿಸಿದ. ಗೌರಮ್ಮನೂ ಉಳಿದವರೂ ನೋಡುತ್ತಲೇ ಇದ್ದರು. ಮುಬೀನಾಗೆ, ಕಷ್ಟದ ಮಾಲೆಲ್ಲ ನನ್ನ ಮೇಜಿಗೇ ಬರುತ್ತಿದೆ, ಈ ಸಲ ಲಿಸ್ಟಿನಲ್ಲಿ ಹೆಸರು ಬಂದೇ ಬರುತ್ತದೆ ಎಂದು ಖುಷಿ. ಈ ಮಾಲು ಬೇಡಮ್ಮ, ಕೆಂಪು ಅಂಟಿಸು ಎಂದು ಹೇಳಿ ನೋಡಿದೆ. "ಏನೂ ಕೆಟ್ಟಿಲ್ವಲ್ಲ ಸಾರ್, ಹೆಂಗೆ ಕೆಂಪು ಹಾಕ್ಲಿ? ದೊಡ್ ಸಾರೇ ಪಾಸ್ ಅಂದವ್ರೆ" ಅಂದಳು. ಅವಳ ಕಡೆಯಿಂದ ಅದು ಪ್ರಾಮಾಣಿಕ ಮಾತು. ಅವಳಿಗೆ ಕೇಳಿಸದ ದೋಷವನ್ನು ಅವಳು ನನ್ನ ಮುಖ ನೋಡಿ ನಂಬಬೇಕಿತ್ತು, ದಿನಕರನ ಮುಖ ನನ್ನದಕ್ಕಿಂತ ದೊಡ್ಡದು.

ಮಾಲು ಹೋಯಿತು. ಹೋದ ಹಾಗೆಯೇ ತಿರುಗಿ ಬಂತು. ಅಂಗಡಿಯವರು ಪೆಟ್ಟಿಗೆಗಳನ್ನು ಬಿಚ್ಚಿದ ಹಾಗೆಯೇ ಕಟ್ಟಿ ಕಳಿಸಿದರು. ಗೇಟಿನ ಹತ್ತಿರ ವಾಪಸು ಬಂದ ಪೆಟ್ಟಿಗೆಗಳ ರಾಶಿ ನಿಂತಾಗ ಹೆಡ್ ಆಫೀಸಿನಿಂದ ವಿಚಾರಣೆಗೆ ಒಬ್ಬ ಹಿರಿಯರನ್ನು ಕಳಿಸಿದರು. ಬಿಳಿಗೂದಲಿನ ಸಭ್ಯ ಮನುಷ್ಯ. ಎಲ್ಲರಿಗೂ ಕೈಮುಗಿದು ಮಾತಾಡಿಸುವವರು. ಅವರನ್ನು ನೋಡಿ ನನಗೆ ಧೈರ್ಯ ಬಂತು. ಸಭ್ಯರನ್ನು ಕಂಡು ಧೈರ್ಯ ತಂದುಕೊಳ್ಳುವುದು ನಮ್ಮಂಥವರ ಹಳೆಯ ರೋಗ.

ಎಸಿ ಗುಂಯ್‌ಗುಡುವ ಮೀಟಿಂಗ್ ರೂಮು, ಉದ್ದನೆಯ ಮೇಜು. ಆ ತುದಿಯಲ್ಲಿ ಹಿರಿಯರು, ಅವರ ಪಕ್ಕ ದಿನಕರ್. ಈ ತುದಿಯಲ್ಲಿ ನಾನು, ನನ್ನ ಪಕ್ಕ ಮುಬೀನಾ. ಅವಳು ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದಿದ್ದಳು. ಹೆಡ್ ಆಫೀಸಿನವರು ಕರೆದಿದ್ದಾರೆ ಎಂದರೆ ಪರ್ಮನೆಂಟ್ ಮಾಡುವುದಕ್ಕೇ ಇರಬೇಕು ಎಂದು ಮೇಜಿನ ಹುಡುಗಿಯರೆಲ್ಲ ಹೇಳಿ ಕಳಿಸಿದ್ದರಂತೆ. ಹಾಗಲ್ಲ, ಆ ಮಾಲಿನ ವಿಚಾರಣೆ, ನೋಡಿಕೊಂಡು ಮಾತಾಡು ಎಂದು ಬಾಗಿಲಲ್ಲಿ ಹೇಳಿದ್ದೆ. ತಲೆಯಾಡಿಸಿದ್ದಳು. ಆಸೆ ಇದ್ದವರಿಗೆ ಬುದ್ಧಿಮಾತು ಅರ್ಧವೇ ತಲುಪುತ್ತದೆ.

ದಿನಕರ್ ಹಿರಿಯರ ಕಡೆಗೇ ಮುಖ ತಿರುಗಿಸಿಕೊಂಡು, ನಗುಮುಖದಲ್ಲೇ ಶುರು ಮಾಡಿದ. ಈ ಹೆಂಗಸು ಕೆಲಸಕ್ಕೆ ಸೇರುವಾಗ ಕಿವುಡುತನವನ್ನು ಮುಚ್ಚಿಟ್ಟಿದ್ದಾಳೆ, ರಾಜಣ್ಣನವರೂ ಮೋಸ ಹೋಗಿ ಶಿಫಾರಸು ಮಾಡಿದ್ದಾರೆ, ನೀವೇ ನೋಡಿ ಸಾರ್ ಎಂದ. ಆಮೇಲೆ ಅವಳ ಕಡೆ ತಿರುಗಿ, "ಮುಬೀನಾ, ಯಾವ ಊರು ನಿಮ್ದು?" ಅಂದ.

"ರಾಮನಗರ ಸಾರ್."

"ಎಷ್ಟು ಜನ ಮಕ್ಕಳು?"

"ಇಬ್ರು ಸಾರ್. ಹೆಣ್ಮಕ್ಳು."

ಆಮೇಲೆ ಅವನು ಮುಂದಿದ್ದ ಫೈಲನ್ನು ಓದುವವನ ಹಾಗೆ ಮುಖದ ಮುಂದೆ ಎತ್ತಿ ಹಿಡಿದ. ಅದರ ಹಿಂದಿನಿಂದ, ಅದೇ ದನಿಯಲ್ಲಿ, "ಆ ಕೆಟ್ಟ ಪೀಸ್‌ಗಳನ್ನೆಲ್ಲ ಗೊತ್ತಿದ್ದೂ ಪಾಸ್ ಮಾಡಿದ್ದು ನೀವೇ ತಾನೇ?" ಅಂದ.

ಮುಬೀನಾ ಫೈಲನ್ನು ನೋಡಿದಳು. ಹಿರಿಯರನ್ನು ನೋಡಿದಳು. ಅವರು ಸೌಜನ್ಯಕ್ಕೆ ಸ್ವಲ್ಪ ನಕ್ಕರು. "ಹೂಂ ಸಾರ್" ಅಂದಳು.

ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದಿದ್ದರೆ ಕಿವುಡಿ ಎಂದು ತೋರಿಸುತ್ತಿದ್ದ, ಹೂಂ ಅಂದಿದ್ದಕ್ಕೆ ತಪ್ಪೊಪ್ಪಿಕೊಂಡಳು ಎಂದ. ನಾನು ಎದ್ದು ನಿಂತು, "ಫೈಲ್ ಇಳ್ಸಿ ಕೇಳಿ ಸಾರ್. ಅವ್ಳಿಗೆ ನೀವು ಕೇಳಿದ್ದೇ ಗೊತ್ತಾಗಿಲ್ಲ" ಎಂದೆ.

"ನಾನು ಹೇಳ್ತಿರೋದೂ ಅದೇ ರಾಜಣ್ಣೋರೇ" ಅಂದ.

ಅವಳನ್ನು ಹೊರಗೆ ಕೂರಿಸಿದ ಮೇಲೆ ನಾನು ಹಿರಿಯರಿಗೆ ಎಲ್ಲವನ್ನೂ ಹೇಳಿದೆ. ಬಿಡಿಭಾಗ ಬದಲಾದದ್ದು, ಕೆಂಪು ಸ್ಟಿಕ್ಕರುಗಳು, ಗೊತ್ತು ಅದಕ್ಕೇ ಕಳಿಸ್ತಿರೋದು ಎಂದ ಮಾತು. ಅವರು ಪೂರ್ತಿ ಕೇಳಿಸಿಕೊಂಡರು. ಆ ಮಾತನ್ನು ನೀವಲ್ಲದೆ ಬೇರೆ ಯಾರು ಕೇಳಿಸಿಕೊಂಡಿದ್ದಾರೆ ಎಂದರು. ಮೂಲೆಯಲ್ಲಿ ನಾವಿಬ್ಬರೇ ಇದ್ದೆವು. ಟ್ರೇಗಳನ್ನು ಸಾಗಿಸಿದ್ದನ್ನಾದರೂ ಹುಡುಗಿಯರು ನೋಡಿದ್ದಾರೆ ಎಂದೆ. ಗೌರಮ್ಮನನ್ನು ಕರೆಸಿದರು. ಅವಳು ತನ್ನ ಕೊರಳಿನ ಹಳದಿ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ, ನೆಲ ನೋಡುತ್ತಾ, "ಅವತ್ತು ನಾನು ರಜಾ ಹಾಕಿದ್ದೆ ಅನ್ಸುತ್ತೆ ಸಾ" ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆ ಪಟ್ಟಿಯನ್ನು ಕೊರಳಿಗೆ ಕಟ್ಟಿದವರ ಮೇಲೆ ಇದೆ, ಸಾಯುವ ತನಕ ಇರುತ್ತದೆ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು. ಒರೆಸುವುದನ್ನು ನಾನು ಎದುರಿಗೆ ಕುಳಿತು ನೋಡಿದೆ, ಕೂಗಿ ಹೇಳಿದೆ, ಏನೂ ಆಗಲಿಲ್ಲ.

ದಿನಕರ್ ಆಮೇಲೆ ದೊಡ್ಡ ಜಾಗಕ್ಕೆ ಹೋದ. ಆ ಕಾರ್ಖಾನೆ ಬಹಳ ದಿನ ಬಾಳಲಿಲ್ಲ. ಫೋನಿನಲ್ಲೇ ಹಾಡು ಬಂದ ಮೇಲೆ ಹಾಡಿನ ಡಬ್ಬಿ ಯಾರಿಗೆ ಬೇಕು? ಹಳದಿ ಪಟ್ಟಿಯವರನ್ನೆಲ್ಲ ಒಂದು ದಿನ ಗೇಟಿನ ಹೊರಗೆ ನಿಲ್ಲಿಸಿದರು. ನನ್ನದು ನೀಲಿ ಪಟ್ಟಿ, ಲೆಕ್ಕ ಚುಕ್ತಾ ಮಾಡಿ ಹಾರ ಹಾಕಿ ಕಳಿಸಿದರು. ಆ ಹಾರವನ್ನು ಬಸ್ಸಿನಲ್ಲೇ ಬಿಟ್ಟು ಬಂದೆ. ನಮ್ಮ ಕೂಟಗಲ್ಲಿನಿಂದ ಬಸ್ಸು ಹತ್ತುವ ಮಕ್ಕಳೇ, ಯಾರಾದರೂ ಮೇಲಿನವರು ಇದನ್ನು ಪಾಸ್ ಮಾಡು ಎಂದು ಬಾಯಲ್ಲಿ ಹೇಳಿದರೆ, ಬರೆದುಕೊಡಿ ಸಾರ್ ಎಂದು ಕೇಳಿ. ಕೊಡುವುದಿಲ್ಲ. ಆದರೂ ನಾಲ್ಕು ಜನರ ಎದುರಿಗೆ ಕೇಳಿ. ಮೂಲೆಗೆ ಮಾತ್ರ ಹೋಗಬೇಡಿ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ವಿಚಾರಣೆಯ ದಿನದ ಸಂಜೆ ಒಂದು ಉಳಿದಿದೆ.

ಅವಳನ್ನು ಅವತ್ತೇ ಕೊರಳಿನ ಗುರುತಿನ ಕಾರ್ಡು ತೆಗೆದುಕೊಂಡು ಕಳಿಸಿಬಿಡಿ ಎಂದರು. ಕಾರಣವನ್ನು ಅವಳಿಗೆ ಯಾರೂ ಹೇಳಲಿಲ್ಲ. ಹೊಸ ಕಾರ್ಡು ಮಾಡಲು ಹಳೆಯದನ್ನು ತೆಗೆದುಕೊಂಡಿದ್ದಾರೆ ಎಂದು ಗೇಟಿನವನು ಅಂದನಂತೆ, ಕನಿಕರಕ್ಕೋ ತಮಾಷೆಗೋ. ನಾನು ಕಂಪನಿ ಬಸ್ಸಿಗೆ ಕಾಯದೆ ಅವಳ ಜೊತೆ ರಸ್ತೆಗೆ ನಡೆದುಕೊಂಡು ಬಂದೆ. ಬಸ್ ಸ್ಟಾಪಿನಲ್ಲಿ ಲಾರಿಗಳ ಗದ್ದಲ. ಅವಳಿಗೆ ಗದ್ದಲದಿಂದ ಏನೂ ತೊಂದರೆಯಿಲ್ಲ. ನನ್ನ ಎದುರಿಗೆ ಬಂದು ನಿಂತು ಕೇಳಿದಳು.

"ಸಾರ್, ಫೈಲ್ ಹಿಡ್ಕಂಡು ದೊಡ್ ಸಾರ್ ಏನ್ ಕೇಳಿದ್ರು?"

"ನಿಂಗೆ ಗೊತ್ತಾಗ್ದಿದ್ ಮೇಲೆ ಹೂಂ ಅಂತ ಯಾಕಂದೆ ತಾಯಿ?"

"ಶೆಡ್‌ನಲ್ಲಿ ಓನರ್ ಹೇಳಿದ್ದು ಗೊತ್ತಾಗದಿದ್ರೆ ಹೂಂ ಅಂತಿದ್ವಿ ಸಾರ್. ಏನು ಅಂತ ತಿರುಗಿ ಕೇಳಿದ್ರೆ ಬೈಯೋರು." ಸ್ವಲ್ಪ ನಕ್ಕಳು. "ಬಿಳೀ ಕೂದಲಿನ ಸಾರ್ ನನ್ ನೋಡಿ ನಕ್ರಲ್ಲ, ಅದಕ್ಕೆ ಒಳ್ಳೇದೇ ಇರ್ತದೆ ಅಂದ್ಕಂಡೆ. ಪರ್ಮನೆಂಟ್ ಮಾಡಿದ್ರೆ ಇರ್ತೀಯಾ ಅಂತ ಕೇಳಿದ್ರಾ ಸಾರ್?"

ಹೇಳದೆ ಬಸ್ಸು ಹತ್ತಿಸಿಬಿಡಬಹುದಿತ್ತು. ನಾಳೆ ಬೆಳಿಗ್ಗೆ ಅವಳು ಮತ್ತೆ ಆ ಗೇಟಿಗೆ ಬಂದು ನಿಲ್ಲುತ್ತಾಳೆ, ಅಲ್ಲಿ ಯಾವನೋ ಸೆಕ್ಯೂರಿಟಿಯವನು ಹೇಳುತ್ತಾನೆ. ಅದು ಬೇಡ ಅನ್ನಿಸಿತು. ಅವಳಿಗೆ ನನ್ನ ಬಾಯಿ ಚೆನ್ನಾಗಿ ಕಾಣುವ ಹಾಗೆ ನಿಂತುಕೊಂಡು, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಕೆಟ್ಟ ಮಾಲು ಅಂತ ಗೊತ್ತಿದ್ದೂ ಪಾಸ್ ಮಾಡಿದ್ದು ನೀನೇನಾ ಅಂತ ಕೇಳಿದ್ರಮ್ಮ. ನೀನು ಹೂಂ ಅಂದೆ. ಕೆಲಸ ಹೋಯ್ತು."

ರಾಮನಗರದ ಬಸ್ಸು ಬಂದು ನಿಂತಿತು. ಕಂಡಕ್ಟರು ಕೂಗುತ್ತಿದ್ದ. ಅವಳು ಹತ್ತಲಿಲ್ಲ. ಅಷ್ಟು ವರ್ಷ ನೂರಾರು ಕದಿರುಗಳ ನಡುವೆ ನಿಂತು ಯಾರ ತುಟಿಯಿಂದಲೂ ಒಂದು ಮಾತನ್ನು ಕಳೆದುಕೊಳ್ಳದವಳು, ನನ್ನ ಬಾಯಿಯ ಮೇಲಿಂದ ಕಣ್ಣು ತೆಗೆಯದೆ, "ಇನ್ನೊಂದ್ ಸಲ ಹೇಳಿ ಸಾರ್" ಅಂದಳು.

ಹೇಳಿದೆ.